ನಾಲ್ಕು ಸಾವಿರದ ಗೆರೆ

ಐದನೇ ತರಗತಿಯ ವಿಜ್ಞಾನದ ಮೇಷ್ಟ್ರಿಗೆ ಶಬ್ದದ ಪಾಠದ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ಅವರು ಓದಿ ದೊಡ್ಡವರಾದದ್ದಕ್ಕಿಂತ ಕೇಳಿ ದೊಡ್ಡವರಾದದ್ದೇ ಜಾಸ್ತಿ. ಬೆಳಗಿನ ಜಾವ ತಾಯಿ ಮನೆಗೆಲಸ ಮಾಡುತ್ತಲೇ ಪದ್ಯ ಹೇಳಿಕೊಳ್ಳುತ್ತಿದ್ದರೆ, ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡಿದ್ದ ಮಗನಿಗೆ ಅವೆಲ್ಲ ಬಾಯಿಪಾಠವಾಗಿದ್ದವು. ದೇವರು ಹಂಚುವಾಗ ನನ್ನ ಪಾಲಿಗೆ ಬಂದದ್ದು ಎರಡು ಒಳ್ಳೆಯ ಕಿವಿ ಎಂದು ಅವರು ಹೆಂಡತಿಯ ಹತ್ತಿರ ಹೇಳಿಕೊಳ್ಳುವುದಿತ್ತು. ಮನೆಯಲ್ಲಿದ್ದಾಗ ಮಾತ್ರ ಆ ಕಿವಿ ಎಲ್ಲಿಗೆ ಹೋಗಿರುತ್ತವೋ ಎಂದು ಆಕೆ ಪಾತ್ರೆ ಕುಕ್ಕುವುದೂ ಇತ್ತು.

ಪಠ್ಯಪುಸ್ತಕದಲ್ಲಿ ಶಬ್ದಕ್ಕೆ ಇದ್ದದ್ದು ಒಂದೂವರೆ ಪುಟ. ಹಾಗಾಗಿ ಮೇಷ್ಟ್ರು ಫೋನು ಹಿಡಿದು ಇಂಟರ್ನೆಟ್ಟಿಗೆ ಇಳಿದರು. ಸಿಕ್ಕಿದ್ದೆಲ್ಲ ಯಾರದೋ ಮಕ್ಕಳಿಗೆ ಅಳತೆ ತೆಗೆದು ಹೊಲಿದ ಅಂಗಿ. ಒಂದು ವಿಡಿಯೋದಲ್ಲಿ ಬಿಳಿ ಕೋಟಿನವನೊಬ್ಬ ದೊಡ್ಡ ಪ್ರಯೋಗಾಲಯದಲ್ಲಿ ನಿಂತು ರೈಲು ತಪ್ಪಿಹೋಗುತ್ತದೆ ಎನ್ನುವ ಹಾಗೆ ಮಾತಾಡುತ್ತಿದ್ದ. ಮೇಷ್ಟ್ರು ಒಂದೊಂದನ್ನೂ ಬಿಚ್ಚಿ, ಕತ್ತರಿಸಿ, ತಮ್ಮ ಮಕ್ಕಳ ಮೈಗೆ ಹೊಲಿದರು. ಟ್ಯೂನಿಂಗ್ ಫೋರ್ಕ್ ಇದ್ದಲ್ಲಿ ದಾರ ಕಟ್ಟಿದ ಸ್ಟೀಲಿನ ಚಮಚ; ಡ್ರಮ್ ಇದ್ದಲ್ಲಿ ಡಬ್ಬದ ಬಾಯಿಗೆ ಬಿಗಿದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕುಣಿಯಲು ಒಂದು ಚಿಟಿಕೆ ಉಪ್ಪು.

ಹುಡುಕುತ್ತ ಹುಡುಕುತ್ತ ಶಿಕ್ಷಕರ ತಾಣವೊಂದರಲ್ಲಿ ಅವರಿಗೆ ಚಿನ್ನದಂಥದ್ದು ಸಿಕ್ಕಿತು. ಒಂದೇ ಸ್ವರ, ತಗ್ಗಿನಿಂದ ಶುರುವಾಗಿ ಏರುತ್ತ ಏರುತ್ತ ಹೋಗುವುದು. ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಂಕಿ ಪರದೆಯ ಮೇಲೆ ಓಡುತ್ತದೆ. ದನಿ ಕೇಳಿಸುವವರೆಗೆ ಮಕ್ಕಳು ಕೈ ಎತ್ತಿರಬೇಕು, ನಿಂತಾಗ ಇಳಿಸಿ ಹಾಳೆಯಲ್ಲಿ ಆ ಅಂಕಿಯ ಮುಂದೆ ಗುರುತು ಹಾಕಬೇಕು. ಮೇಷ್ಟ್ರಿಗೆ ಇದು ಹಿಡಿಸಿದ್ದು ಮೂರನೇ ಸಾಲಿನ ಹುಡುಗಿಯ ಸಲುವಾಗಿ. ಎಷ್ಟು ಕೇಳಿದರೂ ಬಾಯಿ ಬಿಡದ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟವರು ಅವರೇ. ಪಕ್ಕದವಳು ಪ್ರತಿಸಲವೂ ಎದ್ದು, ಅವಳು ಹೇಳಿದಳು ಸಾರ್ ಎಂದು ವಾದಕ್ಕೆ ನಿಲ್ಲುತ್ತಿದ್ದುದರಿಂದ ಅವಳಿಗೆ ವಕೀಲಮ್ಮ ಎಂದು ಬಿರುದು ಕೊಟ್ಟು, ಬಾಯಿ ಮುಚ್ಚಿಸಿ ಕೂರಿಸಿದ್ದರು. ಮೌನಗೌರಿಗೆ ಬಾಯಿಮಾತಿನ ಪರೀಕ್ಷೆಯಲ್ಲಿ ಸೊನ್ನೆ. ಸೋಮವಾರದಿಂದ ಅವಳನ್ನು ನಿಧಾನ ಕಲಿಯುವವರ ಕೋಣೆಗೆ ಕಳಿಸುವುದೆಂದು ಹೆಡ್‌ಮಿಸ್ ಹತ್ತಿರ ಸಹಿಯಾಗಿತ್ತು; ಸಹಿ ಮೇಷ್ಟ್ರದೇ. ಹೋಗುವ ಮುಂಚೆ ಮಾತು ಬೇಡದ ಒಂದು ಪಾಠದಲ್ಲಾದರೂ ಮಗು ಗೆಲ್ಲಲಿ ಎಂದು ಅವರ ಮನಸ್ಸು.

ಮನೆಯಲ್ಲಿ ಹಾಕಿ ನೋಡಿದರೆ ನಾಲ್ಕು ಸಾವಿರದ ಹತ್ತಿರ ದನಿ ಸವೆದು ಸವೆದು ಮಾಯವಾಯಿತು. ಅಂಕಿ ಮಾತ್ರ ಏರುತ್ತಿತ್ತು. ಫೋನಿನದೇ ಕಿತಾಪತಿ ಎಂದುಕೊಂಡರು. ಬೇರೆ ಎರಡು ಕಡೆಯಿಂದ ಇಳಿಸಿಕೊಂಡರೂ ಅದೇ ಕಥೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದು, ಆ ಕೀರಲು ನಿಲ್ಲಿಸದಿದ್ದರೆ ತನ್ನ ತಲೆ ಎರಡು ಹೋಳಾಗುತ್ತದೆ ಎಂದಳು. ಅದು ಆಗಲೇ ನಿಂತು ಎಷ್ಟು ಹೊತ್ತಾಯಿತು ಎಂದು ಮೇಷ್ಟ್ರು ನಕ್ಕರು. ಮಾರನೆಯ ದಿನ ಗುಮಾಸ್ತರು ಚಹಾಕ್ಕೆ ಹೋದಾಗ ಅವರ ಕಂಪ್ಯೂಟರಿನ ಸ್ಪೀಕರಿಗೆ ಜೋಡಿಸಿ ನೋಡಿದರು. ಅಲ್ಲಿಯೂ ನಾಲ್ಕು ಸಾವಿರಕ್ಕೇ ಖಾಲಿ. ನಮ್ಮ ಯಂತ್ರಗಳ ಯೋಗ್ಯತೆ ಇಷ್ಟೇ, ಇದ್ದದ್ದರಲ್ಲಿ ಮಾಡಬೇಕು ಎಂದು, ಇಪ್ಪತ್ತು ಸಾವಿರದವರೆಗೆ ಇದ್ದ ಪಟ್ಟಿಯನ್ನು ನಾಲ್ಕು ಸಾವಿರದ ಕೆಳಗೆ ಗೆರೆ ಎಳೆದು ಕತ್ತರಿಸಿದರು. ಅಡಿಯಲ್ಲಿ ಶಿಕ್ಷಕರಿಗಾಗಿ ಸಣ್ಣ ಅಕ್ಷರದಲ್ಲಿದ್ದ ಟಿಪ್ಪಣಿಯನ್ನು ಓದದೆಯೇ ಬಿಟ್ಟರು. ಒಂದು ಹಾಳೆಯಲ್ಲಿ ಇಬ್ಬರು ಮಕ್ಕಳದು ಹಿಡಿಸಬೇಕಿತ್ತು.

ಶುಕ್ರವಾರ ಮೂರನೇ ಪೀರಿಯಡ್ಡು. ಉಪ್ಪು ಕುಣಿಯಿತು, ಚಮಚ ಹಾಡಿತು, ಮಕ್ಕಳು ಖುಷಿಯಾದರು. ಆಮೇಲೆ ಗುಮಾಸ್ತರಿಂದ ಕೇಳಿ ತಂದ ಸ್ಪೀಕರಿನಲ್ಲಿ ಸ್ವರ. ನಲವತ್ತು ಕೈ ಮೇಲೆ. ಸಾವಿರ, ಎರಡು ಸಾವಿರ, ಮೂರು ಸಾವಿರ. ನಾಲ್ಕು ಸಾವಿರ ದಾಟಿ ದನಿ ನಿಂತಿತು. ಒಂದು ಕೈಯೂ ಇಳಿಯಲಿಲ್ಲ.

ಮೇಷ್ಟ್ರು ಕಾದರು. ಆಟ ಸಾಕು, ಕೈ ಇಳಿಸಿ ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡರು.

"ನಿಂತಿಲ್ಲ ಸಾರ್," ಎಂದ ಮುಂದಿನ ಬೆಂಚಿನವನು, ಒಂದು ಕಿವಿ ಮುಚ್ಚಿಕೊಂಡು. "ಕಿವಿ ಕೊರೀತಿದೆ. ಹಾಳೇಲಿ ಬರೆಯೋಕೆ ಜಾಗಾನೇ ಇಲ್ಲ."

ಎಲ್ಲ ಸೇರಿ ತಮಾಷೆ ಹೂಡಿದ್ದಾರೆ ಎಂದು ಮೇಷ್ಟ್ರು ಸ್ಪೀಕರಿಗೆ ಕಿವಿ ಹಚ್ಚಿದರು. ಏನೂ ಇಲ್ಲ. ವೈರು ಸಡಿಲವಾಗಿರಬೇಕೆಂದು ಕಿತ್ತರು. ನಲವತ್ತು ಕೈ ಒಟ್ಟಿಗೆ ಕೆಳಗೆ ಬಿದ್ದವು. ಸಿಕ್ಕಿಸಿದರು, ಒಟ್ಟಿಗೆ ಎದ್ದವು. ಮಕ್ಕಳು ಗೊಳ್ಳೆಂದು ನಕ್ಕರು. ಮೂರನೆಯ ಸಲ ಯಾರಿಗೂ ಕಾಣದಂತೆ ಮೇಜಿನ ಹಿಂದೆ ಬಗ್ಗಿ ಕಿತ್ತರು. ತಲೆ ಎತ್ತಿ ನೋಡಿದರೆ ಎಲ್ಲ ಕೈಗಳೂ ಮಡಿಲಲ್ಲಿದ್ದವು, ಮೌನಗೌರಿಯದೂ.

ಉಳಿದದ್ದನ್ನು ಹಾಳೆಯ ಹಿಂಬದಿಗೆ ಬರೆಯಲು ಹೇಳಿ ಮೇಷ್ಟ್ರು ಕಿಟಕಿಯ ಹತ್ತಿರ ಹೋಗಿ, ಫೋನಿನಲ್ಲಿ ಆ ತಾಣದ ಪುಟ ತೆರೆದರು. ತಾವು ಬಿಟ್ಟಿದ್ದ ಸಣ್ಣ ಅಕ್ಷರ ಅಲ್ಲೇ ಇತ್ತು. ದೊಡ್ಡವರಿಗೆ ಹನ್ನೆರಡು ಸಾವಿರದ ಮೇಲಿನದು ಕೇಳಿಸದಿದ್ದರೆ ಚಿಂತೆಯಿಲ್ಲ. ಎಂಟು ಸಾವಿರದೊಳಗೇ ನಿಂತುಹೋದರೆ ವೈದ್ಯರಿಗೆ ಕಿವಿ ತೋರಿಸಿಕೊಳ್ಳಿ. ಅಂಥವರಿಗೆ ಮಕ್ಕಳ ತೆಳು ದನಿಯೇ ಮೊದಲು ತಪ್ಪುವುದು.

ಅವರು ಆ ಕೊನೆಯ ಸಾಲನ್ನು ಎರಡು ಸಲ ಓದಿದರು. ವರ್ಷವಿಡೀ ಅವಳು ಹೇಳಿದಳು ಸಾರ್ ಎಂದು ಎದ್ದು ನಿಲ್ಲುತ್ತಿದ್ದ ವಕೀಲಮ್ಮ ಕಣ್ಣ ಮುಂದೆ ಬಂದಳು. ತರಗತಿ ಗಜಿಬಿಜಿ ಎನ್ನುತ್ತಿತ್ತು. ಅದರಲ್ಲಿ ತಮಗೆ ಎಷ್ಟು ಪಾಲು ಬರುತ್ತಿದೆ, ಎಷ್ಟು ಬರುತ್ತಿಲ್ಲ, ತಿಳಿಯುವ ದಾರಿಯೇ ಇರಲಿಲ್ಲ.

ಮೂರನೇ ಸಾಲಿಗೆ ಹೋಗಿ ಮೇಷ್ಟ್ರು ಮೊಣಕಾಲೂರಿದರು. ಅವರ ಮುಖ ಅಷ್ಟು ಹತ್ತಿರ ಬಂದದ್ದಕ್ಕೆ ಹುಡುಗಿ ಬೆಂಚಿನ ಹಿಂದಕ್ಕೆ ಸರಿದಳು.

"ಶಬ್ದ ಹುಟ್ಟೋದು ಯಾವುದರಿಂದ?"

ಅವಳು ಹೇಳಿದಳು. ತುಟಿಗಳು ಒಮ್ಮೆ ಮುಚ್ಚಿ ತೆರೆದುಕೊಂಡದ್ದನ್ನು ಮೇಷ್ಟ್ರು ಕಣ್ಣಾರೆ ಕಂಡರು. ಕಿವಿಗೆ ಬಂದದ್ದು ಕಿಟಕಿಯಾಚೆ ಲಾರಿಯೊಂದು ಹೋದ ಸದ್ದು.

"ಇನ್ನೊಂದ್ಸಲ ಹೇಳು, ಪುಟ್ಟಾ."

ಇನ್ನೊಂದ್ಸಲ ಎಂದರೆ ತಪ್ಪು ಎಂದು ಅವಳಿಗೆ ವರ್ಷದಿಂದ ಗೊತ್ತಿತ್ತು. ಅವಳ ತುಟಿ ಬಿಗಿಯಿತು, ತಲೆ ಬಾಗಿತು. ಮೇಷ್ಟ್ರು ವಕೀಲಮ್ಮನ ಕಡೆ ತಿರುಗಿದರು, ಏನು ಹೇಳಿದಳಮ್ಮ ಎಂದು ಕೇಳುವ ಹಾಗೆ. ವಕೀಲಮ್ಮ ಬೈಸಿಕೊಂಡದ್ದನ್ನು ಮರೆತಿರಲಿಲ್ಲ. ಬಾಯಿಗೆ ಬೀಗ ಹಾಕಿದವಳಂತೆ ಕೂತು, ಹಾಳೆಯ ಹಿಂಬದಿಯಲ್ಲಿ ನಾಲ್ಕು ಸಾವಿರದ ಮುಂದಿನ ಅಂಕಿಗಳನ್ನು ಒಂದರ ಕೆಳಗೊಂದು ದುಂಡಗೆ ಬರೆಯುತ್ತಿದ್ದಳು.