ಹೆಗಲ ಮೇಲಿನ ಕೈ

ಜನವರಿಯಲ್ಲಿ ಡಾಕರ್ಸ್ ಬೇಸ್‌ಬಾಲ್ ತಂಡದ ಮಾಲೀಕರು ಕಾರ್ನೀಲಿಯಸ್ ಟಲ್‌ನನ್ನು ಕಿತ್ತುಹಾಕಿದರು. ಹಿಂದಿನ ವರ್ಷ ಫ್ಲಾರಿಡಾದ ತರಬೇತಿ ಶಿಬಿರದಲ್ಲಿ, ಬಿಳಿಯರು ಇಳಿಯುವ ಹೋಟೆಲಿನಲ್ಲೇ ತನ್ನಂಥ ಕಪ್ಪು ಆಟಗಾರರಿಗೂ ಕೋಣೆ ಕೊಡಿ ಎಂದು ಅವನು ಕೇಳಿದ್ದ. ಋತು ಮುಗಿಯುವ ತನಕ ಆಡಿಸಿಕೊಂಡರು. ಕಿತ್ತುಹಾಕಿದ್ದಕ್ಕೆ ಪತ್ರಿಕೆಯವರಿಗೆ ಅವನ ಮಂಡಿನೋವು ಕಾರಣ ಅಂದರು.

ಡಾಕರ್ಸ್ ನಮ್ಮ ಬಂದರಿನ ತಂಡ. ಒಂಬತ್ತನೇ ವಯಸ್ಸಿನಿಂದ ನಾನು ಅವರ ಕಾರ್ಡು ಕೂಡಿಡುತ್ತಾ ಬಂದವಳು. ಚ್ಯೂಯಿಂಗ್ ಗಮ್ ಪೊಟ್ಟಣದಲ್ಲಿ ಬರುವ, ಅಂಗೈಯಗಲದ ರಟ್ಟಿನ ಮೇಲೆ ಆಟಗಾರರ ಚಿತ್ರಗಳು. ಯಾರನ್ನಾದರೂ ಬೇರೆ ತಂಡಕ್ಕೆ ಮಾರಿದರೆ, ಕಾರ್ಡಿನ ಮೇಲೆ ಹಳೆಯ ತಂಡದ ಹೆಸರು ಹೊಡೆದು ಪೆನ್ನಿನಿಂದ ಹೊಸದು ಬರೆಯುತ್ತಿದ್ದೆ. ಇದ್ದದ್ದು ಬರೆದೆ ಅಂತ ಹೆಮ್ಮೆ. ಹಾಗೆ ಗೀಚಿದ್ದನ್ನು ಓಣಿಯ ಯಾವ ಮಗುವೂ ಬದಲಿಗೆ ತಗೊಳ್ಳುವುದಿಲ್ಲ ಅಂತ ತಿಳಿಯುವಷ್ಟರಲ್ಲಿ ಅರ್ಧ ಪೆಟ್ಟಿಗೆ ಕೆಟ್ಟಿತ್ತು.

ದೊಡ್ಡವಳಾದ ಮೇಲೆ ಅದೇ ಕೆಲಸಕ್ಕೆ ಸಂಬಳ ಸಿಕ್ಕಿತು. ಕಾರ್ಡು ಅಚ್ಚು ಹಾಕುವ ಕಂಪನಿಯಲ್ಲಿ ಫೋಟೋ ತಿದ್ದುವ ಮೇಜು ನನ್ನದು. ಚಳಿಗಾಲದಲ್ಲಿ ಮಾರಾಟವಾದವರ ಟೋಪಿಗೆ ಹೊಸ ತಂಡದ ಬಣ್ಣ ಬಳಿಯಬೇಕು. ಆರು ವರ್ಷ ಬಳಿದೆ. ಮನುಷ್ಯರನ್ನು ದನಗಳಂತೆ ಮಾರುತ್ತಾರೆ, ನಾನು ಮುದ್ರೆ ಬದಲಿಸಿಕೊಡುತ್ತೇನೆ ಅಂತ ಒಮ್ಮೆಯೂ ಅನ್ನಿಸಲಿಲ್ಲ. ಡಾಕರ್ಸ್ ಕಾರ್ಡುಗಳನ್ನು ಊರಿಗೆಲ್ಲ ಮೊದಲು ಮನೆಗೆ ಒಯ್ಯುತ್ತಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಫೆಬ್ರವರಿಯಲ್ಲಿ ಮೇಲ್ವಿಚಾರಕ ವಿಟ್ಕಮ್ ಡಾಕರ್ಸ್‌ನ ಗುಂಪು ಫೋಟೋ ತಂದಿಟ್ಟ. ವರ್ಷಕ್ಕೊಮ್ಮೆ ಇಡೀ ತಂಡ ಒಂದೇ ಕಾರ್ಡಿನಲ್ಲಿ ಬರುತ್ತದೆ. ನನ್ನ ಹತ್ತಿರ ಹದಿನಾಲ್ಕು ವರ್ಷದ್ದೂ ಇವೆ. ಸೆಪ್ಟೆಂಬರಿನಲ್ಲಿ ತೆಗೆದ ಈ ಫೋಟೋದಲ್ಲಿ, ಹಿಂದಿನ ಸಾಲಿನ ನಡುವೆ ಟಲ್ ನಗುತ್ತಾ ನಿಂತಿದ್ದ.

"ಅಸುಂತಾ, ಇವನನ್ನ ತೆಗೆದುಬಿಡು. ಹಿಂದೆ ಇಟ್ಟಿಗೆ ಗೋಡೆ ಇದೆಯಲ್ಲ, ಅದನ್ನೇ ಇವನ ಮೇಲೂ ಎಳೆದುಬಿಡು."

"ಟೋಪಿ ಬದಲಿಸ್ತೀನಿ ಸರ್. ಯಾವ ತಂಡಕ್ಕೆ ಹೋದ?"

"ಎಲ್ಲಿಗೂ ಇಲ್ಲ. ಯಾರೂ ತಗೊಳ್ಳಲಿಲ್ಲ."

ಎದುರು ಮೇಜಿನ ಬ್ರೋನ್ಯಾ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಟಲ್‌ನ ಬಲಗೈ ಪಕ್ಕದಲ್ಲಿ ನಿಂತ ಆಟಗಾರ ಕೋವಾಲ್‌ನ ಹೆಗಲ ಮೇಲಿತ್ತು.

"ಆಳು ಹೋದ್ರೂ ಕೈ ಉಳಿಯುತ್ತಲ್ಲ ಸರ್. ಅಲ್ಲೊಂದು ಗಿಳಿ ಕೂರಿಸೋಣ್ವಾ?"

"ಮೊದಲು ನಿನ್ನ ಬಾಯಿಗೆ ಗೋಡೆ ಕಟ್ಟಬೇಕು. ಕೈನೂ ತೆಗಿ, ಅಸುಂತಾ."

"ಮೂವತ್ತೊಂದು ಹೋಮ್ ರನ್ ಹೊಡೆದೋನು ಸರ್. ಮಕ್ಕಳು ಹುಡುಕ್ತಾರೆ," ಅಂದೆ.

"ಮಕ್ಕಳು ಗಮ್ ಅಗೀತಾರೆ. ಇವನಿದ್ರೆ ಫೋಟೋನೇ ಹಾಕಬೇಡಿ ಅಂದಿದ್ದಾರೆ ಮಾಲೀಕರು. ಊಟದ ಹೊತ್ತಿನೊಳಗೆ ಆಗ್ಬೇಕು."

ಅವನು ಹೋದ. ನಾನು ಇಟ್ಟಿಗೆ ಬಣ್ಣ ಕಲಸಿದೆ. ಕಲಸಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಹೋಟೆಲಿನಿಂದ ಹೊರಗಿಟ್ಟರು, ತಂಡದಿಂದ ಹೊರಗಿಟ್ಟರು. ಅವನು ಅಲ್ಲಿ ನಿಂತೇ ಇರಲಿಲ್ಲ ಅನ್ನಿಸುವ ಕೆಲಸ ಮಾತ್ರ ಬಾಕಿಯಿತ್ತು, ಅದು ನನ್ನ ಕುಂಚದ ಪಾಲಿಗೆ ಬಂದಿತ್ತು. ಬೇಸಿಗೆಗೆ ದೇಶದ ಮಕ್ಕಳ ಕಿಸೆಯಲ್ಲೆಲ್ಲ ಆ ಗೋಡೆ ಇರುತ್ತದೆ. ನನ್ನ ಹದಿನೈದನೇ ಕಾರ್ಡೂ ಅದೇ.

"ಬಳಿದುಬಿಡೇ," ಅಂದಳು ಬ್ರೋನ್ಯಾ ಮೆಲ್ಲಗೆ. "ನೀನು ಬಿಟ್ರೆ ನನ್ನ ತಲೆಗೆ ಬರುತ್ತೆ. ನನ್ನ ಗಂಡ ಹಾಸಿಗೆ ಹಿಡಿದು ಎರಡು ವರ್ಷ, ನಾನು ಆಗಲ್ಲ ಅನ್ನೋ ಹಾಗಿಲ್ಲ. ನೆಗೆಟಿವ್ ಡ್ರಾಯರಲ್ಲೇ ಇದೆ, ನೀನು ಇದನ್ನ ಹರಿದುಹಾಕಿದ್ರೂ ಇನ್ನೊಂದು ಪ್ರತಿ ತೊಳೀತಾರೆ."

"ಗೊತ್ತು."

"ಆ ಟಲ್‌ಗೆ ನಿನ್ನ ಹೆಸರೂ ಗೊತ್ತಾಗಲ್ಲ ಕಣೇ."

"ಅದೂ ಗೊತ್ತು."

ಬಟ್ಟಲಲ್ಲಿ ಬಣ್ಣ ಒಣಗಿತು.

ಊಟ ಮುಗಿಸಿ ಬಂದ ವಿಟ್ಕಮ್ ಫೋಟೋ ನೋಡಿದ. "ಇನ್ನೂ ನಗ್ತಾನೇ ಇದಾನಲ್ಲ ಇವನು."

"ನಗ್ಲಿ ಸರ್. ನಾನು ಬಳಿಯಲ್ಲ."

ಅವನಿಗೆ ಸಿಟ್ಟೂ ಬರಲಿಲ್ಲ. "ಹಾಗಾದ್ರೆ ಕೋಟು ಹಾಕ್ಕೊ. ನಾಳೆ ಬರೋದು ಬೇಡ. ಆ ಫೋಟೋನ ಬ್ರೋನ್ಯಾ ಕೈಗೆ ಕೊಟ್ಟು ಹೋಗು."

ಬ್ರೋನ್ಯಾ ನನ್ನ ಮುಖ ನೋಡದೆ ಕೈ ಚಾಚಿದಳು. ಅವಳ ಮೇಜಿನ ಮೇಲೆ ಇಟ್ಟಿಗೆ ಬಣ್ಣದ ಶೀಶೆಯ ಮುಚ್ಚಳ ಆಗಲೇ ತೆರೆದಿತ್ತು.

"ಕೊಡು," ಅಂದ ವಿಟ್ಕಮ್.

"ಕೊಡಲ್ಲ," ಅಂದೆ.