ಬಿಡಿಸಿಕೊಳ್ಳದ ಆಣೆ

ಕೊಬ್ಬರಿ ಎಣ್ಣೆಯ ವಾಸನೆ, ಮುಚ್ಚಿದ ಕಾರಿನಲ್ಲಿ ಅದು ಇನ್ನೂ ಗಾಢ, ಮಗಳು ಶ್ವೇತ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಬೆಳಿಗ್ಗೆ ತಾನೇ ತೆಗೆದ ಬೈತಲೆ ಹಣೆಯಿಂದ ಹಿಂದಕ್ಕೆ ನೆಟ್ಟಗೆ, ಬೆಳ್ಳಗೆ — ಇಷ್ಟು ತೆಳ್ಳಗಿನ ಚರ್ಮವೇ, ಇದರ ಕೆಳಗೇ ಜೀವವೇ ಎಂದುಕೊಂಡಳು ಶಿವರಂಜನಿ, ಎಂದುಕೊಂಡವಳೇ ಬಿಡ್ತು ಅನ್ನು ಎಂದು ತನ್ನನ್ನೇ ಗದರಿಕೊಂಡಳು. ಹಣೆ ಮುಟ್ಟಿದಳು. ಬಿಸಿಯೇ? ಮಲಗಿದ ಮಕ್ಕಳ ಹಣೆ ಹೀಗೇ ಇರುತ್ತದೆ, ತನ್ನ ಕೈಯೇ ತಣ್ಣಗಾಗಿದ್ದರೆ ಮಗುವಿನ ಹಣೆ ಬಿಸಿ ಅನ್ನಿಸದೆ ಇನ್ನೇನು, ಮುಂದಿನ ಸೀಟಿನಿಂದ ಗಂಡ ಮಹೇಂದ್ರ ತಿರುಗಿ, ಎಷ್ಟ್ ಸಲ ಮುಟ್ಟಿ ನೋಡ್ತೀಯ ರಂಜನಿ, ಮಗಳು ಚೆನ್ನಾಗವ್ಳೆ, ಸೀರೆ ನೆರಿಗೆ ನೋಡ್ಕೊ, ಪೇಪರ್‌ನೋರು ಫೋಟೋ ತೆಗೀತಾರೆ ಎನ್ನುತ್ತಾನೆ, ಅವನಿಗೆ ಹೆದರಿಕೆಯೆಂಬುದೇ ಇಲ್ಲ, ಇರುವುದೆಲ್ಲ ಗೂಟದ ಕಾರಿನ ಕನಸು, ಹೆಂಡತಿ ಜಿಲ್ಲಾ ಪಂಚಾಯಿತಿಗೆ ಗೆದ್ದರೆ ನಾಳೆ ಅಧ್ಯಕ್ಷೆ, ಅಧ್ಯಕ್ಷೆಯಾದರೆ ಕಾರು, ಕಾರಿನ ಮುಂದಿನ ಸೀಟು ಹೇಗೂ ಇವನದೇ. ನಂಜನಗೂಡು ನಗರಸಭೆಯಲ್ಲಿ ಇಷ್ಟು ದಿನ ಅವಳದು ಚರಂಡಿ, ಬೀದಿದೀಪ, ನಲ್ಲಿ ನೀರಿನ ಜಗಳ, ಅವಳಿಗೆ ಅದೇ ಸಾಕಾಗಿತ್ತು, ಆದರೆ ಹೆಮ್ಮರಗಾಲದ ಕಡೆಯ ಜಿಲ್ಲಾ ಪಂಚಾಯಿತಿ ಕ್ಷೇತ್ರ ಮಹಿಳೆಗೆ ಮೀಸಲಾಯಿತು, ಇದ್ದ ಪಕ್ಷ ಟಿಕೆಟ್ಟನ್ನು ಬೇರೆಯವರಿಗೆ ಕೊಟ್ಟಿತು, ಎದುರು ಪಕ್ಷದವರು ಬನ್ನಿ ಎಂದರು, ಇವತ್ತು ಟಿ. ನರಸೀಪುರದ ಸಭೆಯಲ್ಲಿ ಶಾಲು ಹೊದಿಸಿ ಸೇರಿಸಿಕೊಳ್ಳುತ್ತಾರಂತೆ. ಮಹೇಂದ್ರನಿಗೆ ಇದು ಒಂದು ಶಾಲು ತೆಗೆದು ಇನ್ನೊಂದು ಹಾಕಿಕೊಳ್ಳುವ ಕೆಲಸ. ಅವಳಿಗೆ ಹಾಗಲ್ಲ, ಅವಳು ಆಣೆ ಇಟ್ಟವಳು.

ಇಟ್ಟಿದ್ದು ವಾರ್ಡಿನ ಟಿಕೆಟ್ಟು ಸಿಕ್ಕ ವರ್ಷ, ಶ್ವೇತ ಆಗಿನ್ನೂ ಅಂಗನವಾಡಿಯ ಕೂಸು, ಪಕ್ಷದ ಹಿರಿಯರು ಪುಟ್ಟಬಸವಯ್ಯನವರು, ದೂರದ ಸಂಬಂಧದಲ್ಲಿ ಅವಳಿಗೆ ದೊಡ್ಡಪ್ಪ, ತಾವು ಬೆಳೆಸಿದವರೆಲ್ಲ ಒಬ್ಬೊಬ್ಬರಾಗಿ ಪಕ್ಷ ಬಿಟ್ಟು ಹೋಗಿ ನೊಂದಿದ್ದವರು, ಬಿ ಫಾರಂ ಕೈಗೆ ಕೊಡುವ ಮುಂಚೆ ನಂಜುಂಡೇಶ್ವರನ ಗುಡಿಗೆ ಕರೆದುಕೊಂಡು ಹೋದರು, ಅವರ ಕಡೆಯವರಿಗೆ ಬಾಯಿಮಾತಿನ ಆಣೆ ಆಣೆಯೇ ಅಲ್ಲ, ಮಗುವಿನ ತಲೆ ಮುಟ್ಟಿದರೇ ಆಣೆ, ಕೂಸಿನ ತಲೆ ಮುಟ್ಟಿ ಹೇಳವ್ವ, ಈ ಪಕ್ಷ ಬಿಟ್ಟು ಓಗಾಕಿಲ್ಲ ಅಂತ, ಬೆದರಿಸುವ ದನಿಯಲ್ಲ ಅದು, ಕೇಳಿಕೊಳ್ಳುವ ದನಿ, ಅವಳು ಯೋಚಿಸಲೂ ಇಲ್ಲ, ಬಿಟ್ಟು ಹೋಗುವುದು ಆಗ ಯಾರಿಗೆ ಬೇಕಿತ್ತು, ಖುಷಿಯಲ್ಲಿ ಮುಟ್ಟಿಬಿಟ್ಟಳು, ಹೇಳಿಬಿಟ್ಟಳು, ಕೂಸು ಪ್ರಸಾದದ ಬಾಳೆಹಣ್ಣು ತಿನ್ನುತ್ತಾ ನಗುತ್ತಿತ್ತು — ಎಂಥ ದಡ್ಡಿ ನೀನು, ಆಡುವ ಮಗುವಿನ ತಲೆಯನ್ನು ಒಂದು ವಾರ್ಡಿಗೆ ಅಡವಿಟ್ಟೆಯಲ್ಲ. ಗಂಡನಿಗೆ ನೆನಪಿಸಿದರೆ, ತಪ್ಪುಕಾಣಿಕೆ ಕಟ್ಟಿದ್ರಾಯ್ತು ಬಿಡೆ ಎಂದು ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಗಂಟು ಕಟ್ಟಿ ದೇವರ ಮುಂದಿಟ್ಟು ಕೈ ಕೊಡವಿದ. ಅತ್ತೆ ಚನ್ನಾಜಮ್ಮ ನೋಡುತ್ತಾ ನಿಂತಿದ್ದರು, ಮಗ ಆಚೆ ಹೋದ ಮೇಲೆ ಮೆಲ್ಲಗೆ, ಕಾಣಿಕೆ ದೇವ್ರಿಗಾಯ್ತು, ಆಣೆ ಇಕ್ಕಿಸ್ಕೊಂಡೋರ್ಗೆ? ಅವ್ರೇ ಬಾಯ್ಬುಟ್ಟು ಬುಟ್ಟಿವ್ನಿ ಅನ್ಬೇಕು ಕಣವ್ವ, ಇಲ್ದಿದ್ರೆ ಅದು ಮಗಿನ ಮೇಲೇ ನಿಂತಿರ್ತದೆ. ಅತ್ತೆ ಸುಮ್ಮಸುಮ್ಮನೆ ಹೆದರಿಸುವ ಹೆಂಗಸಲ್ಲ, ಅದಕ್ಕೇ ಅವಳಿಗೆ ಅಷ್ಟು ಹೆದರಿಕೆಯಾದದ್ದು.

ಮೊನ್ನೆ ಹೋಗಿಯೂ ಹೋದಳು ದೊಡ್ಡಪ್ಪನ ಮನೆಗೆ, ಶ್ವೇತಳನ್ನೂ ಕರೆದುಕೊಂಡು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು, ನನ್ನನ್ನ ಬೈರಿ ದೊಡ್ಡಪ್ಪ, ಊರೆಲ್ಲ ಕೇಳುವ ಹಾಗೆ ಬೈರಿ, ಮಗಳ ತಲೆ ಮೇಲಿಂದ ಅದೊಂದನ್ನ ತೆಗೆದುಬಿಡಿ, ಇಷ್ಟೇ ಮಾತು. ಅವರು ಜಗಲಿಯಲ್ಲಿ ಕೂತಿದ್ದರು, ಊರಿಗೆಲ್ಲ ಗೊತ್ತಿರುವುದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ, ಆದರೂ ಮುಖದಲ್ಲಿ ಏನೂ ಇಲ್ಲ, ಮಜ್ಜಿಗೆ ತರಿಸಿದರು, ಎಷ್ಟನೇ ಕ್ಲಾಸವ್ವ ಎಂದು ಮಗುವನ್ನು ಕೇಳಿದರು, ಅದರ ಬೈತಲೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು — ಕಾಯುತ್ತಿದ್ದರೇ, ಇವಳು ಕೇಳಲೆಂದು ಕಾಯುತ್ತಿದ್ದರೇ, ಕೇಳಿದ್ದರೆ ಬಿಡುತ್ತಿದ್ದರೇ — ಇವಳು ಬಿಸಿಲಿನ ಮಾತಾಡಿದಳು, ಹೊಳೆಯ ನೀರಿನ ಮಾತಾಡಿದಳು, ನಾಚಿಕೆ ಬಾಯಿ ಕಟ್ಟಿಹಾಕಿತ್ತು, ಎದ್ದು ಹೊರಟಾಗ ಅವರು ಚೆನ್ನಾಗಿರ್ರವ್ವ ಎಂದರು. ಚೆನ್ನಾಗಿರಿ ಎಂದರೆ ಬಿಟ್ಟ ಹಾಗೆಯೋ? ಬಿಡದವರೂ ಹಾಗೆನ್ನುತ್ತಾರೆ, ಹೊಟ್ಟೆ ಉರಿದವರೂ ಹಾಗೆನ್ನುತ್ತಾರೆ, ಹಲ್ಲು ಕಚ್ಚಿಕೊಂಡು, ಆದರೆ ದೊಡ್ಡಪ್ಪ ಹಲ್ಲು ಕಚ್ಚಿರಲಿಲ್ಲ, ಅಥವಾ ತಾನು ಮುಖವನ್ನೇ ನೋಡಲಿಲ್ಲವೋ. ಅವತ್ತು ಸಂಜೆ ಶ್ವೇತ ಕೆಮ್ಮಿದಳು. ನಿನ್ನೆ ಸ್ಕೂಲಿನ ಮೆಟ್ಟಿಲಲ್ಲಿ ಎಡವಿ ಮಂಡಿ ತರಚಿಕೊಂಡು ಬಂದಳು. ಮಕ್ಕಳು ಕೆಮ್ಮುತ್ತವೆ, ಎಡವುತ್ತವೆ, ಹಿಂದೆಲ್ಲ ಇವು ಕಣ್ಣಿಗೇ ಬೀಳುತ್ತಿರಲಿಲ್ಲ — ಕಾರು ಸುತ್ತೂರು ದಾಟಿತು, ಎದುರಿಂದ ಕಬ್ಬಿನ ಲಾರಿ, ಡ್ರೈವರ್ ಸರಕ್ಕನೆ ಪಕ್ಕಕ್ಕೆ ಎಳೆದ, ಅವಳು ಎರಡೂ ಕೈಯಿಂದ ಮಗುವಿನ ತಲೆ ಮುಚ್ಚಿಕೊಂಡಳು, ಮೆಲ್ಲಗೆ ಹೋಗಪ್ಪ, ಮೆಲ್ಲಗೆ. ಫೋನು ಮಾಡಬಹುದಲ್ಲ, ಈಗಲೂ ಮಾಡಬಹುದಲ್ಲ, ಶಾಲು ಇನ್ನೂ ಹೆಗಲಿಗೆ ಬಿದ್ದಿಲ್ಲವಲ್ಲ, ಮೊಬೈಲ್ ತೆಗೆದು ಒತ್ತಿಯೇಬಿಟ್ಟಳು, ರಿಂಗಾಯಿತು, ಯಾರಪ್ಪ ಎಂಬ ದೊಡ್ಡಪ್ಪನ ದನಿ, ಅದೇ ಸಾವಧಾನದ ದನಿ, ಮಹೇಂದ್ರ ತಿರುಗಿ ನೋಡಿದ, ಅವಳು ಕಟ್ ಮಾಡಿದಳು. ರಾಂಗ್ ನಂಬರ್ ರೀ ಎಂದಳು.

ನರಸೀಪುರ. ಸೇತುವೆ, ಕೆಳಗೆ ಹೊಳೆ, ಕಂಬದಿಂದ ಕಂಬಕ್ಕೆ ಫ್ಲೆಕ್ಸು, ಅದರಲ್ಲಿ ನಗುತ್ತಿರುವುದು ತನ್ನದೇ ಮುಖ, ನಗರಸಭೆಗೆ ಗೆದ್ದ ದಿನದ ಫೋಟೋ, ಹೆಗಲ ಮೇಲಿದ್ದ ಹಳೇ ಶಾಲನ್ನು ಅಳಿಸಿದ್ದಾರೆ, ಅಳಿಸಿದ ಕಡೆ ಕುತ್ತಿಗೆ ಮಸುಕಾಗಿದೆ, ಪಟಾಕಿ ಸರ ಹಚ್ಚಿದರು, ಶ್ವೇತ ಬೆಚ್ಚಿ ಎದ್ದಳು, ಅಮ್ಮ ಹೊಟ್ಟೆ ಹಸೀತಾ ಇದೆ, ಇರು ಕಂದ, ಇಲ್ಲೇ ಇರು, ಕೈ ಬಿಡಬೇಡ. ಸಮುದಾಯ ಭವನದ ವೇದಿಕೆಯಲ್ಲಿ ಹೊಸ ಪಕ್ಷದ ಮುಖಂಡರು ಚೆಲುವಯ್ಯನವರು ನಗುನಗುತ್ತಾ ಬಂದು ಶಾಲು ಹೊದಿಸಿದರು, ಮಾಮೂಲಿ ಬಟ್ಟೆ, ಭಾರವೇನಿಲ್ಲ, ಮಗಳು ಪಕ್ಕದಲ್ಲೇ ಇದ್ದಾಳೆ, ಯಾರೋ ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದಾಳೆ, ಏನೂ ಆಗಲಿಲ್ಲ, ನೋಡು ಏನೂ ಆಗಲಿಲ್ಲ, ದೊಡ್ಡಪ್ಪ ಬಿಟ್ಟೇ ಇದ್ದರು, ಚೆನ್ನಾಗಿರಿ ಎಂದರೆ ಇನ್ನೇನು ಅರ್ಥ, ಎದೆ ಹಗುರಾಗಿ ಕಣ್ಣಲ್ಲಿ ನೀರೇ ಬಂದುಬಿಟ್ಟಿತು, ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಚೆಲುವಯ್ಯನವರು ಮೈಕನ್ನು ಪಕ್ಕಕ್ಕೆ ಸರಿಸಿದರು, ಕೆಳಗಿನ ಜನಕ್ಕೆ ಕೇಳದ ಹಾಗೆ ಅವಳತ್ತ ಬಗ್ಗಿದರು, ಬೇಜಾರ್ ಮಾಡ್ಕಬೇಡಿ ಕಣವ್ವ, ಒಂದ್ಸಲ ಬುಟ್ಟು ಬಂದೋರು ಇನ್ನೊಂದ್ಸಲ ಬುಡಾಕಿಲ್ಲ ಅಂತ ನಮ್ಮೋರ್ಗೆ ನಂಬ್ಕೆ ಬರ್ಬೇಕಲ್ಲ, ಮಗಳೂ ಬಂದವ್ಳೆ, ಅವಳ ತಲೆ ಮುಟ್ಟಿ ಒಂದ್ಮಾತು ಹೇಳ್ಬುಡಿ, ಈ ಪಕ್ಷ ಬುಡಾಕಿಲ್ಲ ಅಂತ. ಮುಟ್ಟು ರಂಜನಿ, ಎಂದ ಪಕ್ಕದಲ್ಲೇ ನಿಂತಿದ್ದ ಮಹೇಂದ್ರ, ನಗು ಕೆಡಿಸಿಕೊಳ್ಳದೆ. ಶ್ವೇತಳನ್ನು ಯಾರೋ ಮುಂದಕ್ಕೆ ತಂದು ನಿಲ್ಲಿಸಿದರು. ಹಳೆಯದು ಇನ್ನೂ ಅಲ್ಲೇ ಇದ್ದರೆ, ಅದರ ಮೇಲೇ ಇದನ್ನೂ ಇಟ್ಟರೆ, ಅದನ್ನು ಉಳಿಸಿದರೆ ಇದು ಸುಳ್ಳು, ಇದನ್ನು ಉಳಿಸಿದರೆ ಅದು, ಯಾವುದು ತಪ್ಪಿದರೂ ಬೀಳುವುದು ಒಂದೇ ಕಡೆ, ಇರುವುದು ಒಂದೇ ತಲೆ — ಕೈ ಮೇಲೆದ್ದಿದೆ, ಯಾರು ಎತ್ತಿದರು, ತನ್ನದೇ ಕೈ, ತನ್ನದೇ ಬಳೆ, ಕ್ಯಾಮೆರಾದ ಬೆಳಕು, ಮಗಳು ಅಮ್ಮನ ಕೈ ಬರುತ್ತಿರುವುದು ಕಂಡು ತಾನಾಗಿಯೇ ತಲೆ ಬಗ್ಗಿಸಿ ಕೊಟ್ಟಿದ್ದಾಳೆ, ಜಡೆ ಹಾಕಿಸಿಕೊಳ್ಳುವಾಗ ಬಗ್ಗಿಸುವ ಹಾಗೆ, ಅಂಗೈಯ ಕೆಳಗೆ ಬೈತಲೆ, ನೆಟ್ಟಗೆ, ಬೆಳ್ಳಗೆ, ಬೈತಲೆ —