ಕನ್ನಡಿ ಕೋಟಿನ ಹಾಡುಗಾರ

ಮಿಂಚು ದುಶ್ಯಂತನನ್ನು ಸಂಗೀತಗಾರ ಎಂದು ಕರೆದವರೆಲ್ಲರ ಜೊತೆ ನಾನು ಜಗಳ ಆಡಿದ್ದೇನೆ. ಮಗಳು ಮೇಧಾಳ ಜೊತೆಗಂತೂ ವಾರಕ್ಕೊಂದು ಸಲ. ಮೈತುಂಬ ಕನ್ನಡಿ ಚೂರು ಹೊಲಿದ ಕೋಟು, ರೆಪ್ಪೆಗೆ ಬೆಳ್ಳಿ ಬಣ್ಣ, ಕಿವಿಯಲ್ಲಿ ನವಿಲುಗರಿ. ಹೊಗೆಯ ನಡುವಿನಿಂದ ಅವನು ವೇದಿಕೆಗೆ ಬಂದರೆ ಸಾವಿರಾರು ಜನ ಕುಣಿಯುತ್ತಾರೆ. ಕುಣಿಯಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ರವೀಂದ್ರನಗರದ ಮಕ್ಕಳಿಗೆ ಮೂವತ್ತು ವರ್ಷ ಸರಳೆ ಜಂಟಿ ಹೇಳಿಕೊಟ್ಟು ಗಂಟಲು ಸವೆಸಿಕೊಂಡವಳ ಮುಂದೆ ಅದನ್ನು ಸಂಗೀತ ಅನ್ನಬೇಡಿ, ಅಷ್ಟೆ.

ನವುಲೆಯಲ್ಲಿ ಅವನ ಕಾರ್ಯಕ್ರಮವಾದಾಗ ಮೇಧಾ ಅದನ್ನು ಫೋನಿನಲ್ಲಿ ವಿಡಿಯೊ ಹಿಡಿದುಕೊಂಡು ಬಂದಿದ್ದಳು. ವೇದಿಕೆಯ ಎಡಗಡೆ ಒಂದು ಖಾಲಿ ಕುರ್ಚಿ. ಹಾಡಿನ ನಡುವೆ ಅವನು ತಟ್ಟನೆ ನಿಂತ, ವಾದ್ಯದವರೂ ನಿಂತರು. ಕುರ್ಚಿಯ ಕಡೆ ತಿರುಗಿ ತಲೆ ತಗ್ಗಿಸಿ "ಆಯ್ತು" ಅಂದ. ಆಮೇಲೆ ಅದೇ ಸಾಲನ್ನು ಮತ್ತೆ ಹಾಡಿದ. ಜನ ಶಿಳ್ಳೆ ಹೊಡೆದರು.

"ಅದು ಅವನ ಸ್ಟೈಲ್ ಅಮ್ಮ, ಎಲ್ಲಾ ಶೋನಲ್ಲೂ ಮಾಡ್ತಾನೆ," ಅಂದಳು ಮೇಧಾ.

ನಾನು ಆ ಸಾಲನ್ನು ಎರಡೆರಡು ಸಲ ಕೇಳಿದೆ. ಮೊದಲ ಸಲ ಹಾಡಿದಾಗ ಅದು ತಾಳಕ್ಕಿಂತ ಒಂದು ಕೂದಲೆಳೆ ಮುಂದೆ ಬಿದ್ದಿತ್ತು. ಎರಡನೇ ಸಲ ಸರಿಯಾಗಿತ್ತು. ಅಷ್ಟು ಗದ್ದಲದಲ್ಲಿ ಅದನ್ನು ಅವನಿಗೆ ಯಾರು ಹೇಳಿದರು? ಫೋನನ್ನು ಬೋರಲು ಹಾಕಿ ಅಡುಗೆಮನೆಗೆ ಹೋದೆ.

ಅದಾದ ತಿಂಗಳಿಗೆ ನಮ್ಮ ಸಂಗೀತ ಸಭೆಯ ಕಾರ್ಯದರ್ಶಿ ನರಸಿಂಹಮೂರ್ತಿ ಮನೆಗೆ ಬಂದರು. ನನ್ನ ಅಪ್ಪ ವಿದ್ವಾನ್ ಶ್ರೀನಿವಾಸಮೂರ್ತಿ ತೀರಿಕೊಂಡು ಆರು ವರ್ಷ. ಪ್ರತಿವರ್ಷ ಸಭೆ ಅವರ ನೆನಪಿಗೆ ಒಂದು ಕಚೇರಿ ನಡೆಸುತ್ತದೆ.

"ಸುಬ್ಬಲಕ್ಷ್ಮಿ, ಈ ಸಲ ಆ ಮಿಂಚು ದುಶ್ಯಂತ ಹಾಡ್ತೀನಿ ಅಂತ ಕಾಗದ ಬರೆದಿದ್ದಾನೆ. ಮೇಷ್ಟ್ರ ಬೇಗಡೆ ರಾಗದ ಪಲ್ಲವಿನೇ ಹಾಡ್ತಾನಂತೆ."

ಆ ಪಲ್ಲವಿ ಅಪ್ಪ ಕಟ್ಟಿದ್ದು. ಯಾವ ಪುಸ್ತಕದಲ್ಲೂ ಇಲ್ಲ, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಅಪ್ಪ ಅದನ್ನು ಹೇಳಿಕೊಟ್ಟದ್ದು ನನಗೊಬ್ಬಳಿಗೇ. ನನಗೂ ಅದು ಸರಿಯಾಗಿ ಬರುವುದಿಲ್ಲ.

ತಾಳ ಬಿದ್ದ ಮೇಲೆ ಮುಕ್ಕಾಲು ಅಕ್ಷರದಷ್ಟು ಕಾಲ ಬಿಟ್ಟು ಪಲ್ಲವಿ ಎತ್ತಿಕೊಳ್ಳಬೇಕು. ಆ ಮುಕ್ಕಾಲು ನನ್ನ ಕೈಗೆ ಸಿಕ್ಕಿದ್ದೇ ಇಲ್ಲ. ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ, ತಾಳ ಹಾಕುತ್ತಿದ್ದ ಕೈಯನ್ನು ತೊಡೆಯ ಮೇಲೆ ನಿಲ್ಲಿಸಿಬಿಡುತ್ತಿದ್ದರು. ಅಷ್ಟೆ. ಆ ಕೈ ನಿಂತರೆ ನನಗೆ ಜೀವ ಹೋದ ಹಾಗಾಗುತ್ತಿತ್ತು. ಒಂದೇ ಒಂದು ಸಲ ಅವರ ಕೈ ನಿಲ್ಲದ ಹಾಗೆ ಹಾಡಬೇಕು ಅನ್ನುವುದೇ ನನ್ನ ಬದುಕಿನ ಆಸೆಯಾಗಿತ್ತು. ಅಪ್ಪ ಅಷ್ಟರೊಳಗೆ ಹೋಗಿಬಿಟ್ಟರು.

"ಪಂಚೆ ಜುಬ್ಬಾದಲ್ಲಿ ಬಂದ್ರೆ ಹಾಡಲಿ ಅಂತ ಕಮಿಟಿಯೋರು ತಿಳಿಸಿದ್ರು," ಅಂದರು ನರಸಿಂಹಮೂರ್ತಿ. "ಏನು ಬೇಕಾದ್ರೂ ಕೇಳ್ತೀನಿ, ಕೋಟು ಮಾತ್ರ ತೆಗೆಯಲ್ಲ ಅಂತಾನೆ. ಎಂಥಾ ಸೊಕ್ಕು ನೋಡಿ. ಕೊನೇ ಮಾತು ನಿಮ್ಮದೇ."

ಬೇಡ ಅಂದುಬಿಡಬಹುದಿತ್ತು. ಆದರೆ ಆ ಪಲ್ಲವಿಯನ್ನು ಅವನು ಎಲ್ಲಿಂದ ಕದ್ದ ಅಂತ ಕೇಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮರುದಿನ ಊಟ ಮುಗಿಸಿ ಭದ್ರಾವತಿ ಬಸ್ಸು ಹತ್ತಿದೆ.

ಅಲ್ಲಿನ ಓಲ್ಡ್ ಟೌನಿನಲ್ಲಿ ದುಶ್ಯಂತನ ಮನೆಯವರದ್ದೊಂದು ಹಿಟ್ಟಿನ ಗಿರಣಿ. ಅದರ ಮೇಲಿನ ರೂಮಿನಲ್ಲೇ ಅವನ ಅಭ್ಯಾಸ. ಗಿರಣಿಯಲ್ಲಿದ್ದ ಅವನ ತಾಯಿ ಪ್ರೇಮಮ್ಮ ನನ್ನನ್ನು ಕಂಡವರೇ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ಬಂದರು. ನಾನು ಹೆಸರು ಹೇಳಿರಲಿಲ್ಲ.

"ಮೇಷ್ಟ್ರ ಮಗಳಲ್ವಾ? ಬನ್ನಿ ತಾಯಿ. ಇಬ್ರೂ ಮೇಲೇ ಇದ್ದಾರೆ, ಹೋಗಿ."

ಇನ್ನೊಬ್ಬ ಯಾರೋ ತಬಲಾದವನಿರಬೇಕು ಅಂದುಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ದುಶ್ಯಂತ ಒಬ್ಬನೇ ಇದ್ದ. ಬಣ್ಣ ಬಳಿದುಕೊಳ್ಳದ ಮುಖ ಯಾವುದೋ ಬ್ಯಾಂಕಿನ ಗುಮಾಸ್ತನ ಮುಖದ ಹಾಗಿತ್ತು. ಹಾಡುಹಗಲು ಮೂರು ಗಂಟೆಗೆ, ಆ ಸೆಕೆಯಲ್ಲಿ, ಕನ್ನಡಿ ಕೋಟು ಹಾಕಿಕೊಂಡೇ ಇದ್ದ. ಗೋಡೆಯ ಹತ್ತಿರ ಒಂದು ಬೆತ್ತದ ಕುರ್ಚಿ, ಖಾಲಿ.

"ಕೂತ್ಕೊಳ್ಳಿ ಅಕ್ಕಾ," ಅಂದ.

ನಾನು ಕುರ್ಚಿಯ ಕಡೆ ಹೋದೆ. "ಅದು ಬೇಡ," ಅಂದು ಗಾಬರಿಯಿಂದ ಚಾಪೆ ಹಾಸಿದ.

"ನಮ್ಮಪ್ಪನ ಪಲ್ಲವಿ ನಿನಗೆ ಹೇಗೆ ಗೊತ್ತು ಮಾರಾಯ? ನಿಜ ಹೇಳು."

"ಗುರುವಾರ ಮೇಷ್ಟ್ರು ಇಲ್ಲಿಗೆ ಬರ್ತಿದ್ರಲ್ಲ ಅಕ್ಕಾ."

ಹೌದು, ಅಪ್ಪ ಗುರುವಾರ ಭದ್ರಾವತಿಗೆ ಹೋಗುತ್ತಿದ್ದರು. ರಾಯರ ಮಠಕ್ಕೆ ಅಂತ ನಾವು ತಿಳಿದಿದ್ದೆವು. ಮಠಕ್ಕೂ ಹೋಗುತ್ತಿದ್ದರಂತೆ. ಆಗ ದುಶ್ಯಂತ ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಒಂದು ದಿನ ಅಪ್ಪ ಬೀದಿಯಲ್ಲಿ ನಿಂತು ಕೇಳಿ, ಮೆಟ್ಟಿಲು ತಡವುತ್ತಾ ಹತ್ತಿ ಬಂದು, "ಶ್ರುತಿ ಇದೆ, ತಾಳ ಇಲ್ಲ. ಕೂತ್ಕೋ," ಅಂದರಂತೆ. ಹಾಗೆ ನಾಲ್ಕು ವರ್ಷ.

"ಕೊನೆ ಕೊನೆಗೆ ಅವರಿಗೆ ಕಣ್ಣು ಪೂರ್ತಿ ಮಂಜಾಯ್ತಲ್ಲ," ಅಂದ. "ಮುಖ ಕಾಣದೆ ಪಾಠ ಹೇಳೋಕಾಗಲ್ಲ ಅಂತ ಬೇಜಾರು ಮಾಡ್ಕೊಂಡ್ರು. ಹೊಳೆಯೋದು ಮಾತ್ರ ಅಷ್ಟಿಷ್ಟು ಕಾಣ್ತಿತ್ತು. ಅದಕ್ಕೆ ಟೈಲರ್ ಹುಲಿಯಪ್ಪನ ಹತ್ರ ಈ ಕೋಟು ಹೊಲಿಸಿದೆ. ಹಾಕ್ಕೊಂಡು ನಿಂತಾಗ, ಈಗ ಕಾಣ್ತೀಯ ಕಣೋ ಅಂದ್ರು. ಆರ್ಕೆಸ್ಟ್ರಾದೋರು ನಕ್ಕರು. ಜನಕ್ಕೆ ಇಷ್ಟ ಆಯ್ತು. ಕಣ್ಣಿಗೆ ಬಣ್ಣ, ನವಿಲುಗರಿ ಎಲ್ಲ ಜನಕ್ಕೆ ಅಕ್ಕಾ. ಕೋಟು ಮಾತ್ರ ಅವರಿಗೆ."

"ಅವರು ಹೋಗಿ ಆರು ವರ್ಷ ಆಯ್ತಲ್ಲಪ್ಪ."

ದುಶ್ಯಂತ ಕುರ್ಚಿಯ ಕಡೆ ನೋಡಿದ. ತಂಬೂರಿ ಮೀಟಿ ಹಾಡಲು ಶುರುಮಾಡಿದ.

ಅದು ಬೇಗಡೆ. ನನ್ನ ಮನೆಯ ಬೇಗಡೆ, ನಾನು ಹಾಲು ಕುಡಿಯುತ್ತಾ ಕೇಳಿದ ಬೇಗಡೆ. ಪಡುವಣ ಕಿಟಕಿಯ ಬಿಸಿಲು ಕೋಟಿಗೆ ಬಿದ್ದು ಎದುರು ಗೋಡೆಯ ತುಂಬ ಬೆಳಕಿನ ಚುಕ್ಕಿಗಳು ಓಡಾಡತೊಡಗಿದವು. ಪಲ್ಲವಿ ಬಂತು. ಅವನು ಆ ಮುಕ್ಕಾಲನ್ನು ಬಿಟ್ಟು ಎಷ್ಟು ಸಲೀಸಾಗಿ ಎತ್ತಿಕೊಂಡ ಎಂದರೆ ನನಗೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಂತಾಯಿತು. ಮುಖ ತಿರುಗಿಸಿ ಗೋಡೆ ನೋಡಿದೆ.

ಕುರ್ಚಿಯ ಹಿಂದೆ ಮಾತ್ರ ಚುಕ್ಕಿಗಳಿರಲಿಲ್ಲ. ಅಲ್ಲಿಗೆ ಬಂದದ್ದೆಲ್ಲ ಯಾವುದಕ್ಕೋ ತಡೆದು ಮಾಯವಾಗುತ್ತಿತ್ತು. ಬೆಳಕಿಲ್ಲದ ಆ ಜಾಗಕ್ಕೆ ಒಂದು ತಲೆಯಿತ್ತು, ಅಪ್ಪನಿಗಿದ್ದ ಹಾಗೆ ಎಡಕ್ಕೆ ತುಸು ಇಳಿದ ಭುಜವಿತ್ತು. ಕೆಳಗೆ, ತೊಡೆ ಇರಬೇಕಾದಲ್ಲಿ, ಒಂದು ಕೈ ಏಳುತ್ತಿತ್ತು, ಬೀಳುತ್ತಿತ್ತು. ತಾಳದ ಪೆಟ್ಟು ಹಾಕಿ, ಕಿರುಬೆರಳಿನಿಂದ ಎಣಿಸಿ, ಮತ್ತೆ ಪೆಟ್ಟು ಹಾಕಿ, ಬೀಸುತ್ತಿತ್ತು. ಹೆದರಿದ್ದೆ ನಿಜ. ಹೆದರಿಕೆಗಿಂತ ಹೆಚ್ಚಾಗಿ, ನಮ್ಮ ಮನೆಗೆ ಬಾರದೆ ಇಲ್ಲಿಗೆ ಬಂದಿರಲ್ಲ ಅಪ್ಪ ಎಂದು ಅಳು ಬಂತು.

"ನೀವೂ ಹಾಡಿ ಅಕ್ಕಾ," ಅಂದ ದುಶ್ಯಂತ. "ಕಾಯ್ತಿದ್ದಾರೆ."

ಹಾಡಿದೆ. ಪಲ್ಲವಿ ಎತ್ತಿಕೊಂಡ ತಕ್ಷಣ ಗೋಡೆಯ ಮೇಲಿನ ಕೈ ನಿಂತಿತು. ಇನ್ನೊಮ್ಮೆ ಹಾಡಿದೆ. ಮತ್ತೆ ನಿಂತಿತು. ಐವತ್ತೆರಡು ವರ್ಷದ ನಾನು ಆ ಚಾಪೆಯ ಮೇಲೆ ಹತ್ತು ವರ್ಷದವಳಾಗಿದ್ದೆ. ಕೊನೆಗೆ ನಾಚಿಕೆ ಬಿಟ್ಟು ಆ ಕನ್ನಡಿ ಕೋಟಿನವನಿಗೆ ಕೈ ಮುಗಿದೆ.

"ಹೇಳಿಕೊಡಪ್ಪ."

"ಉಸಿರೆಳ್ಕೊಂಡು ಕಾಯ್ತೀರ, ಅದೇ ತಪ್ಪು," ಅಂದ ಮೆಲ್ಲಗೆ. "ತಾಳ ಬಿದ್ದಾಗಲೇ ಒಳಗೇ ಹಾಡೋಕೆ ಶುರು ಮಾಡಿ. ಬಾಯಿ ಆಮೇಲೆ ತೆಗೀರಿ."

ಒಳಗೆ ಹಾಡಿ, ಬಾಯಿ ತೆರೆದೆ. ಕೈ ನಿಲ್ಲಲಿಲ್ಲ. ತಾಳದ ಒಂದು ಆವರ್ತ, ಎರಡು, ಮೂರು. ಕಣ್ಣೀರಿನಲ್ಲಿ ಗೋಡೆ ಕಲಸಿಹೋಯಿತು. ನಾಲ್ಕನೆಯ ಆವರ್ತ ಮುಗಿಸಿ ಕಣ್ಣೊರೆಸಿಕೊಂಡು ನೋಡಿದರೆ ಗೋಡೆಯ ತುಂಬ ಬೆಳಕಿನ ಚುಕ್ಕಿಗಳು, ಕುರ್ಚಿಯ ಮೇಲೂ.

ದುಶ್ಯಂತ ಎದ್ದು ಹೋಗಿ ಕುರ್ಚಿಯನ್ನು ಮುಟ್ಟಿದ. ಎಡಕ್ಕೆ ಸರಿದ, ಬಲಕ್ಕೆ ಸರಿದ. ಎಲ್ಲಿ ನಿಂತರೂ ಬೆಳಕು ತಡೆಯಿಲ್ಲದೆ ಗೋಡೆಗೆ ಬೀಳುತ್ತಿತ್ತು.

"ಹೋದ್ರು," ಅಂದ. "ಆರು ವರ್ಷ ನನಗೋಸ್ಕರ ಬರ್ತಾರೆ ಅಂದ್ಕೊಂಡಿದ್ದೆ ಅಕ್ಕಾ. ಕಾಯ್ತಾ ಇದ್ದಿದ್ದು ನಿಮಗೆ."

ನನಗೆ ಜೀವಮಾನವಿಡೀ ಬೇಕಾಗಿದ್ದು ಸಿಕ್ಕಿತ್ತು. ಆದರೂ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಅವನಿಂದ ಕಿತ್ತುಕೊಂಡು ಹೊರಟವಳ ಹಾಗೆ ಮೆಟ್ಟಿಲಿಳಿದೆ.

ಅವನು ಕೋಟಿನಲ್ಲೇ ಹಾಡಲಿ ಎಂದು ನರಸಿಂಹಮೂರ್ತಿಗಳಿಗೆ ಹೇಳಿಬಿಟ್ಟೆ. ಅವರು ಮುಖ ಗಂಟಿಕ್ಕಿಕೊಂಡು ಒಪ್ಪಿದರು. ಆದರೆ ಕಚೇರಿಯ ಸಂಜೆ ದುಶ್ಯಂತ ಬಂದದ್ದು ಬಿಳಿ ಪಂಚೆ, ಬಿಳಿ ಜುಬ್ಬಾದಲ್ಲಿ. ಪಲ್ಲವಿ ಹಾಡಿದ. ಮುಂದಿನ ಸಾಲಿನ ಹಿರಿಯರು ತೊಡೆ ತಟ್ಟಿಕೊಂಡು ಭೇಷ್ ಅಂದರು. ನರಸಿಂಹಮೂರ್ತಿ ಶಾಲು ಹೊದಿಸಿ ಮೈಕಿನಲ್ಲಿ ಹೇಳಿದರು: "ವೇಷ ಕಳಚಿಟ್ಟು ಬಂದಿರುವ ದುಶ್ಯಂತ್ ಅವರನ್ನು ಇವತ್ತಿನಿಂದ ನಾವು ಸಂಗೀತಗಾರ ಅಂತ ಒಪ್ಪುತ್ತೇವೆ." ಚಪ್ಪಾಳೆಯೋ ಚಪ್ಪಾಳೆ. ಅಪ್ಪನಿಗಾಗಿ ಸೂತಕ ಹಿಡಿದವನ ಬಿಳಿ ಬಟ್ಟೆ ಅದು. ಹೇಳಿದ್ದರೆ ಯಾರಿಗೆ ಅರ್ಥವಾಗುತ್ತಿತ್ತು? ನನಗೆ ಮೈಯೆಲ್ಲ ಉರಿಯಿತು.

ವೇದಿಕೆಯಿಂದ ಇಳಿದವನು ನೇರವಾಗಿ ನನ್ನ ಹತ್ತಿರ ಬಂದ. ಹಣೆಯಲ್ಲಿ ಬೆವರಿತ್ತು.

"ಸರಿ ಇತ್ತಾ ಅಕ್ಕಾ? ಸರಿನೋ ತಪ್ಪೋ ಯಾರೂ ಹೇಳಲಿಲ್ಲ."

"ಸರಿ ಇತ್ತು," ಅಂದೆ. ನಿಜವಾಗಿಯೂ ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

ಅವನು ತಲೆಯಾಡಿಸಿದ. ಆದರೆ ನನ್ನ ಮಾತನ್ನು ನಂಬಲಿಲ್ಲ.